ಬಿಟ್ಟು ಬಂದವನೇ ಕರೆಯಲಿ

ಮರ್ಕಂಜ
೯ ಜನವರಿ ೧೯೬೩

ಮೇರಿಕುಟ್ಟಿಯವರಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಕಾಗದ ಶುರು ಮಾಡುವುದು ರೂಢಿ. ಇಲ್ಲಿ ಯಾರೂ ಕ್ಷೇಮವಿಲ್ಲ. ನೀವು ಕ್ಷೇಮವಾಗಿದ್ದೀರಿ ಅಂತ ಗೊತ್ತುಂಟು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸೇವಂತಿ. ಜತ್ತಪ್ಪನ ಅಕ್ಕ. ನಿಮ್ಮ ಅಣ್ಣ ವರ್ಗೀಸ್ ಮತ್ತು ನನ್ನ ತಮ್ಮ ಪುತ್ತೂರಿನ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಒಂದೇ ದಿನ ಮಿಲಿಟ್ರಿಗೆ ಸೇರಿದವರು. ಒಂದೇ ರೈಲಿನಲ್ಲಿ ಚೀನಾ ಗಡಿಯ ನೇಫಾ ಬೆಟ್ಟಕ್ಕೆ ಹೋದವರು. ಬರುವಾಗ ಮಾತ್ರ ಒಬ್ಬನೇ ಬಂದ. ಬಂದವನು ನಿಮ್ಮವನು.

ನಮಗೆ ಬಂದದ್ದು ಒಂದು ತಂತಿ. 'ಕಾಣೆಯಾಗಿದ್ದಾರೆ' ಅಂತ. ಕಾಣೆಯಾಗಲಿಕ್ಕೆ ಅವನೇನು ಗುಡ್ಡೆಗೆ ಮೇಯಲು ಬಿಟ್ಟ ಕರುವೇ? ತಂತಿ ಬಂದ ಮರುವಾರ ಸುಳ್ಯದಲ್ಲಿ ಸಭೆ. ಯುದ್ಧದ ನಿಧಿಗೆ ಹೆಂಗಸರು ಬಂಗಾರ ಬಿಚ್ಚಿ ಕೊಡಬೇಕು ಅಂತ ಭಾಷಣ. ನಮ್ಮ ಕುಕ್ಕಪ್ಪ ಚಿಕ್ಕಪ್ಪ ಕೇಳದೆ ನನ್ನ ಬಳೆ ತೆಗೆದುಕೊಂಡು ಹೋಗಿ ಕೊಟ್ಟರು, ಕೊರಳಿಗೆ ಹಾರ ಹಾಕಿಸಿಕೊಂಡು ಬಂದರು. ಬಳೆ ಹೋದದ್ದಕ್ಕೆ ದುಃಖವಿಲ್ಲ. ಹತ್ತಿ ಬಟ್ಟೆ ತೊಡಿಸಿ, ಕ್ಯಾನ್ವಾಸಿನ ಬೂಟು ಹಾಕಿಸಿ, ಹುಡುಗರನ್ನು ಹಿಮಕ್ಕೆ ಅಟ್ಟಿದವರಿಗೇ ಜೈ ಅಂದರಲ್ಲ, ಅದಕ್ಕೆ ಹೊಟ್ಟೆ ಉರಿಯಿತು.

ಇನ್ನೊಂದಕ್ಕೂ ಉರಿಯಿತು. ಮುಚ್ಚಿಡುವುದಿಲ್ಲ. ಕ್ರಿಸ್ಮಸ್ಸಿನ ಮುಂಚೆ ನಿಮ್ಮ ಅಣ್ಣ ಗುಂಡ್ಯದಲ್ಲಿ ಬಸ್ಸಿಳಿದದ್ದನ್ನು ಕಂಡವರು ಬಂದು ಹೇಳಿದರು. ನಿಮ್ಮ ಅಪ್ಪ ಅವನನ್ನು ಎತ್ತಿ ಜೀಪಿನಲ್ಲಿ ಕೂರಿಸಿದರಂತೆ. ಇಗರ್ಜಿಯಲ್ಲಿ ಗಂಟೆ ಬಾರಿಸಿದರಂತೆ. ಆ ಗಂಟೆ ಕಡಬದಲ್ಲಿ ಬಾರಿಸಿದ್ದು, ನನಗೆ ಮರ್ಕಂಜದಲ್ಲಿ ಕೇಳಿತು.

ನಮ್ಮಲ್ಲಿ ಸತ್ತವರಿಗೆ ಬೊಜ್ಜ ಮಾಡಬೇಕು. ಬೊಜ್ಜದ ಸಂಜೆ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆದು ಸತ್ತವನನ್ನು ಮನೆಯೊಳಗೆ ಸೇರಿಸಿಕೊಳ್ಳಬೇಕು. ಕರೆಯದಿದ್ದರೆ ಅವನು ದಾರಿಯಲ್ಲೇ ಉಳಿಯುತ್ತಾನೆ. ಸತ್ತನೋ ಬದುಕಿದ್ದಾನೋ ಗೊತ್ತಿಲ್ಲದೆ ಕರೆಯುವುದು ಹೇಗೆ? ನಮ್ಮ ಅವ್ವ ದಿನಾ ಸಂಜೆ ಅವನ ಬಟ್ಟಲಿಗೆ ಬಡಿಸಿ ಮುಚ್ಚಿಡುತ್ತಾಳೆ. ಕಂಡವನು ನಿಮ್ಮ ಅಣ್ಣ ಒಬ್ಬನೇ. ಅವನು ಇಲ್ಲಿಗೆ ಬಂದು ಅವ್ವನ ಎದುರು ಕೂತು ಆದದ್ದನ್ನು ಹೇಳಬೇಕು. ಇಷ್ಟೇ ನನಗೆ ಬೇಕಾದದ್ದು. ಅವನಿಗೆ ಬರೆದ ಕಾಗದಕ್ಕೆ ಉತ್ತರವಿಲ್ಲ. ಹಾಗಾಗಿ ಅವನ ತಂಗಿಗೆ ಬರೆಯುತ್ತಿದ್ದೇನೆ.

ಸೇವಂತಿ


ಕಡಬ
೨೨ ಜನವರಿ ೧೯೬೩

ಪ್ರೀತಿಯ ಸೇವಂತಿ ಅಕ್ಕನವರಿಗೆ ಮೇರಿಕುಟ್ಟಿ ಮಾಡುವ ವಂದನೆಗಳು.

ನಿಮ್ಮ ಕಾಗದ ತಲುಪಿತು. ನಿಮ್ಮ ದುಃಖದಲ್ಲಿ ನಮ್ಮ ಮನೆಯವರೆಲ್ಲರೂ ಪಾಲುದಾರರು. ಪ್ರತಿ ಭಾನುವಾರ ನಿಮ್ಮ ಮನೆಯವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇವೆ.

ಅಣ್ಣ ನಿಮಗೆ ಉತ್ತರ ಬರೆಯದೆ ಇದ್ದದ್ದು ಅಹಂಕಾರದಿಂದ ಅಲ್ಲ. ಅವನ ಕೈಬೆರಳು ಹಿಮಕ್ಕೆ ಮರಗಟ್ಟಿ ಪೆನ್ನು ಹಿಡಿಯುವುದಿಲ್ಲ. ಎರಡೂ ಪಾದದ ಬೆರಳುಗಳನ್ನು ಮಿಲಿಟ್ರಿ ಆಸ್ಪತ್ರೆಯಲ್ಲಿ ತೆಗೆದಿದ್ದಾರೆ. ಕೋಲು ಹಿಡಿದು ಮನೆಯ ಮೆಟ್ಟಿಲು ಇಳಿಯುತ್ತಾನೆ, ಅಷ್ಟೇ. ಮರ್ಕಂಜದವರೆಗೆ ಬರುವುದು ಈಗ ಆಗದ ಮಾತು. ಅವನು ಹೇಳಿದ್ದನ್ನು ಅವನ ಪರವಾಗಿ ನಾನು ಬರೆಯುತ್ತಿದ್ದೇನೆ.

ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಹಿಂದೆ ಸರಿಯುವಾಗ ಗುಂಡು ತಗಲಿತು. ಜತ್ತಪ್ಪನವರು ಅಣ್ಣನ ಮಡಿಲಲ್ಲೇ ಪ್ರಾಣ ಬಿಟ್ಟರು. ನೋವು ಪಡಲಿಲ್ಲ. ಅವ್ವನನ್ನು ಮತ್ತು ನಿಮ್ಮನ್ನು ನೆನೆದರು. ಬೆಚ್ಚಗಿನ ಉಡುಪು ಇತ್ತು, ಚಳಿಯಿಂದ ಕಷ್ಟಪಡಲಿಲ್ಲ. ರಕ್ತ ಹೀರುವ ಉಂಬಳ ಕಂಡರೆ ಮಾರು ದೂರ ಹಾರುತ್ತಿದ್ದವರು ಗುಂಡಿಗೆ ಹೆದರಲಿಲ್ಲ ಎಂದು ತಿಳಿದು ನೀವು ಹೆಮ್ಮೆಪಡಬೇಕು.

ಈ ತಾರೀಖಿನ ಮೇಲೆ ನೀವು ನಿಮ್ಮ ಕ್ರಮದಂತೆ ಕಾರ್ಯ ಮಾಡಬಹುದು. ದೇವರು ನಿಮ್ಮ ಅವ್ವನಿಗೆ ಸಮಾಧಾನ ಕೊಡಲಿ.

ಇಂತಿ ನಿಮ್ಮ
ಮೇರಿಕುಟ್ಟಿ


ಮರ್ಕಂಜ
೨೦ ಫೆಬ್ರವರಿ ೧೯೬೩

ಮೇರಿಕುಟ್ಟಿ,

ಇನ್ನು 'ನೀವು' ಅನ್ನುವುದಿಲ್ಲ. ನೀನು ನನಗಿಂತ ಚಿಕ್ಕವಳು, ಮತ್ತೆ ನನಗೆ ಸಿಟ್ಟು ಬಂದಿದೆ.

ನಿನ್ನ ಕಾಗದ ನಂಬಿ ಬೊಜ್ಜ ಮಾಡಿದೆವು. ಚಿಕ್ಕಪ್ಪ ಅಂಗಳದಲ್ಲಿ ನಿಂತು ಮೂರು ಸಲ ಕರೆದರು. ನಾವು ಬಾಗಿಲು ತೆರೆದು ದಾರಿ ಬಿಟ್ಟು ನಿಂತೆವು, ಎಲೆಗೆ ಬಡಿಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಎಲ್ಲ ಕ್ರಮದಲ್ಲಿ ಆಯಿತು. ಊಟ ಮಾಡಿದವರು ಅಡುಗೆಯನ್ನು ಹೊಗಳಿ ಹೋದರು. ಅವ್ವ ಒಬ್ಬಳೇ ತಲೆ ಅಲ್ಲಾಡಿಸಿದಳು. "ಅಂವ ಬಂದಿಲ್ಲೆ" ಅಂದಳು. ಮರುದಿನ ಸಂಜೆ ಮತ್ತೆ ಬಟ್ಟಲು ಮುಚ್ಚಿಟ್ಟಳು.

ನಿನ್ನ ಅಣ್ಣನ ಕಾಲಿನ ಬೆರಳು ಹೋದದ್ದಕ್ಕೆ ಅಯ್ಯೋ ಅನ್ನಬೇಕು, ಅನ್ನುತ್ತೇನೆ. ಆದರೆ ಪಾದ ಉಂಟಲ್ಲ? ಪಾದದ ಮೇಲೆ ಕಾಲು, ಕಾಲಿನ ಮೇಲೆ ಇಡೀ ಮನುಷ್ಯ ಉಂಟಲ್ಲ? ಬೆರಳಿಲ್ಲದ ತಮ್ಮನನ್ನು ನನಗೆ ಕೊಡು ಅಂದರೆ ನಾನು ಕಡಬದವರೆಗೆ ಓಡಿಬಂದು ಹೊತ್ತುಕೊಂಡು ಹೋಗುತ್ತಿದ್ದೆ. ನಿನ್ನ ಕಾಗದದಲ್ಲಿ ಆ ಬೆರಳುಗಳ ಲೆಕ್ಕ ಓದಿ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ.

ಹೊಟ್ಟೆಕಿಚ್ಚು ನನಗೆ ಹೊಸತಲ್ಲ. ಜತ್ತಪ್ಪ ಹುಟ್ಟಿದ ದಿನದಿಂದ ಉಂಟು. ಏಳನೆಯ ಕ್ಲಾಸಿನಲ್ಲಿ ನಾನು ಶಾಲೆಗೇ ಮೊದಲು. ಒಬ್ಬರನ್ನು ಮಾತ್ರ ಓದಿಸಬಹುದು ಅಂತಾದಾಗ ನನ್ನ ಸ್ಲೇಟು ಅವನ ಕೈಗೆ ಹೋಯಿತು, ದನದ ಹಟ್ಟಿಯ ಪೊರಕೆ ನನ್ನ ಕೈಗೆ ಬಂತು. ಮೊಟ್ಟೆಯ ಹಳದಿ ಅವನಿಗೆ, ಬಿಳಿ ನನಗೆ. ಆದರೂ ಅವನು ನನ್ನ ಹುಡುಗ. ಶಾಲೆಯಿಂದ ಬಂದು ಹಟ್ಟಿಯಲ್ಲಿ ಕೂತು ಆ ದಿನದ ಪಾಠವನ್ನೆಲ್ಲ ನನಗೆ ಒಪ್ಪಿಸುತ್ತಿದ್ದ. ಅವನನ್ನು ಬೈಯಲಿಕ್ಕೂ ಪ್ರೀತಿಸಲಿಕ್ಕೂ ಹಕ್ಕು ನನ್ನೊಬ್ಬಳದು.

ಹಾಗಾಗಿ ಎರಡು ಪ್ರಶ್ನೆ. ಅವನು ಉಂಬಳಕ್ಕೆ ಹೆದರುವ ಸಂಗತಿ ನಿನಗೆ ಹೇಗೆ ಗೊತ್ತು? ಊರಿನ ಗೆಳೆಯರು ನಗುತ್ತಾರೆ ಅಂತ ಅದನ್ನು ಅವನು ಸತ್ತರೂ ಯಾರಿಗೂ ಹೇಳುವವನಲ್ಲ. ಎರಡನೆಯದು, ಬೆಚ್ಚಗಿನ ಉಡುಪು ಎಂಥದ್ದು? ಸರಕಾರ ಕೊಟ್ಟಿಲ್ಲ. ನಾನು ಕಳಿಸಿದ್ದು ಹಳೆ ಕಂಬಳಿಯ ತುಂಡು. ಮತ್ತೆ ಯಾರು ಕೊಟ್ಟರು?

ಪ್ರಾರ್ಥನೆ ಬೇಡ. ಉತ್ತರ ಬೇಕು.

ಸೇವಂತಿ


ಮರ್ಕಂಜ
೨ ಜೂನ್ ೧೯೬೩

ಮೇರಿಕುಟ್ಟಿ,

ಮೂರು ತಿಂಗಳು ದಾಟಿತು. ನಿನ್ನ ಉತ್ತರವಿಲ್ಲ. ಮಕ್ಕಳಿಗೆ ಅ ಆ ಇ ಈ ಕಲಿಸುವ ಟೀಚರಿಗೆ ಒಂದು ಕಾಗದ ಬರೆಯಲು ಪುರುಸೊತ್ತಿಲ್ಲ. ಇವರು ಎಂತಾದರೂ ಕೇಳಿಯಾರು ಅಂತ ನೀವೆಲ್ಲ ಹೆದರಿದಿರೋ, ನಮ್ಮ ಗೌಡರ ಮನೆಯ ಅಳು ನಿಮ್ಮ ಇಗರ್ಜಿಯವರೆಗೆ ಬರುವುದು ಬೇಡ ಅನಿಸಿತೋ, ನನಗೆ ಗೊತ್ತಿಲ್ಲ.

ಚೀನಾದವರು ಸೆರೆಯಾಳುಗಳನ್ನು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು. ಅಬ್ದುಲ್ಲ ಕಾಕನ ಅಂಗಡಿಗೆ ಪೇಪರು ಬರುತ್ತದೆ. ನಾನು ದಿನಾ ಹೋಗಿ ನಿಂತೆ. ಕಾಕ ಓದುತ್ತಿದ್ದರು, ಕೊನೆಗೆ ಕನ್ನಡಕ ತೆಗೆದು "ಇವತ್ತು ಇಲ್ಲ ಮಗಾ, ನಾಳೆ ನೋಡುವ" ಅನ್ನುತ್ತಿದ್ದರು. ಆಮೇಲೆ ನಾಳೆ ಅನ್ನುವುದನ್ನೂ ಬಿಟ್ಟರು. ಮಿಲಿಟ್ರಿಯಿಂದ ಎರಡನೆಯ ಕಾಗದ ಬಂತು. ಸೆರೆಯಲ್ಲಿದ್ದವರಲ್ಲಿ ಅವನಿರಲಿಲ್ಲ. ಆಸೆಯ ಬಾಲವೂ ಹೋಯಿತು.

ಈಗ ಮನೆಯಲ್ಲಿ ಇನ್ನೊಂದು ತಯಾರಿ. ಮದುವೆಯಾಗದೆ ಸತ್ತ ಹುಡುಗ, ಅವನ ಕುಲೆ, ಅಂದರೆ ಪ್ರೇತ, ಮನೆಯಲ್ಲಿ ಒಬ್ಬಂಟಿ ಸುತ್ತುತ್ತದೆ, ಅದಕ್ಕೇ ಅವ್ವನ ಮನಸ್ಸು ನಿಲ್ಲುವುದಿಲ್ಲ ಅಂತ ಚಿಕ್ಕಪ್ಪ ತೀರ್ಮಾನಿಸಿದರು. ಹಾಗೆಯೇ ಸತ್ತ ಒಂದು ಹೆಣ್ಣನ್ನು ಹುಡುಕಿ ಕುಲೆಮದುವೆ ಮಾಡಬೇಕು. ನಿಮ್ಮಲ್ಲಿ ಈ ಕ್ರಮ ಇಲ್ಲದಿರಬಹುದು. ಇಲ್ಲಿ ಉಂಟು. ಎರಡು ಮಣೆ ಇಟ್ಟು ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ ಇಟ್ಟು ಧಾರೆ ಎರೆಯುತ್ತಾರೆ. ಸವಣೂರಿನಲ್ಲಿ ಹೆಣ್ಣು ಸಿಕ್ಕಿತು. ಹೆಸರು ನೀಲಾವತಿ. ವಿಷಮಜ್ವರದಲ್ಲಿ ಹೋದವಳು. ಬಣ್ಣ ಬಿಳಿ ಇತ್ತಂತೆ, ಕೂದಲು ಮೊಣಕಾಲಿನವರೆಗೆ ಇತ್ತಂತೆ, ಜಾತಕವೂ ಕೂಡಿತಂತೆ.

ನನಗೆ ಮೂವತ್ತೊಂದು. ಬದುಕಿರುವ ನನಗೆ ಗಂಡು ಹುಡುಕಲು ಚಿಕ್ಕಪ್ಪನ ಕಾಲು ಯಾವಾಗಲೂ ನೋಯುತ್ತಿತ್ತು. ಸತ್ತವನಿಗೆ ಹೆಣ್ಣು ಹುಡುಕಲು ಅದೇ ಕಾಲು ಪುತ್ತೂರು, ಸವಣೂರು, ಕಡಬ ಎಲ್ಲ ಸುತ್ತಿ ಬಂತು. ಈ ಮನೆಯಲ್ಲಿ ಹೆಣ್ಣಾಗಿ ಬದುಕುವುದಕ್ಕಿಂತ ಗಂಡಾಗಿ ಸಾಯುವುದು ಮೇಲು. ಹೌದು, ಸತ್ತ ತಮ್ಮನ ಮೇಲೂ ನನಗೆ ಹೊಟ್ಟೆಕಿಚ್ಚು. ಅವನ ಹೆಂಡತಿಗೆ ಬಳೆ ಇಡುವ ಕೆಲಸ ನನ್ನದಂತೆ. ಸತ್ತವರಿಗೆ ಬಡಿಸುವ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ. ನಿನ್ನ ಅಣ್ಣ ಬೊಜ್ಜಕ್ಕೆ ಬರಲಿಲ್ಲ. ಮದುವೆಗಾದರೂ ಕಳಿಸು.

ಸೇವಂತಿ


ಕಡಬ
೧೧ ಜೂನ್ ೧೯೬೩

ಸೇವಂತಿ ಅಕ್ಕ,

ಆ ಮದುವೆ ಮಾಡಬೇಡಿ.

ನಿಮ್ಮ ಕಾಗದ ಶಾಲೆಗೆ ಬಂತು. ಓದಿದ ಮೇಲೆ ಮಕ್ಕಳಿಗೆ ಮಗ್ಗಿ ಹೇಳಲು ಬಿಟ್ಟು ಹೊರಗೆ ಹೋಗಿ ನಿಂತೆ. ನೀಲಾವತಿ ಎಂಬ ಹೆಸರು ನಾಲಗೆಯ ಮೇಲೆ ಕಹಿಯಾಗಿ ಕೂತಿತು. ಆ ಹುಡುಗಿ ನನಗೆ ಏನೂ ಮಾಡಿಲ್ಲ, ಪಾಪ, ಮಣ್ಣಾಗಿ ಹೋಗಿದ್ದಾಳೆ. ಆದರೂ ಅವಳ ಉದ್ದ ಕೂದಲಿನ ಮೇಲೆ, ಅವಳ ಬಿಳಿ ಬಣ್ಣದ ಮೇಲೆ, ಅವಳ ಜಾತಕದ ಮೇಲೆ ನನಗೆ ಕೆಂಡದಂಥ ಹೊಟ್ಟೆಕಿಚ್ಚು ಬಂತು. ಅವಳಿಗೆ ಜಾತಿ ಸರಿಯಾಗಿದೆ. ನನಗೆ ಜೀವ ಮಾತ್ರ ಇದೆ. ನಿಮ್ಮವರ ಕಣ್ಣಿಗೂ ನಮ್ಮವರ ಕಣ್ಣಿಗೂ ಜೀವಕ್ಕಿಂತ ಜಾತಿ ದೊಡ್ಡದು.

ನೀವು ಕೇಳಿದ ಎರಡು ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ.

ಉಂಬಳದ ಸಂಗತಿ ನನಗೆ ಗೊತ್ತು, ಯಾಕೆಂದರೆ ನಮ್ಮ ರಬ್ಬರ್ ತೋಟದಲ್ಲಿ ಅವರ ಪಾದದಿಂದ ಉಂಬಳ ಕಿತ್ತವಳು ನಾನು. ಕಳೆದ ರಜೆಯಲ್ಲಿ ರೈಲು ತಪ್ಪಿತು ಎಂದು ನಿಮಗೆ ಹೇಳಿದರಲ್ಲ, ರೈಲು ತಪ್ಪಿರಲಿಲ್ಲ. ಗುಂಡ್ಯದಲ್ಲಿ ಇಳಿದು ಮೊದಲು ಕಡಬಕ್ಕೆ ಬಂದರು. ಅಣ್ಣನ ಗೆಳೆಯ ಎಂದು ನಮ್ಮ ಮನೆಯಲ್ಲಿ ಉಳಿದರು. ಮುಂದಿನ ರಜೆಗೆ ರಿಜಿಸ್ಟರ್ ಮದುವೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮೊದಲು ಅಕ್ಕನಿಗೆ ಹೇಳುತ್ತೇನೆ, ಅಕ್ಕ ಬೈದು ಬೈದು ಕೊನೆಗೆ ಒಪ್ಪುತ್ತಾಳೆ ಎಂದು ನಗುತ್ತಿದ್ದರು.

ಬೆಚ್ಚಗಿನ ಉಡುಪು ಸ್ವೆಟರ್. ಪುತ್ತೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ಒಬ್ಬರು ಸಿಸ್ಟರ್ ಹೆಣೆಯಲು ಕಲಿಸಿದ್ದರು. ಎರಡು ಹೆಣೆದೆ. ಅಣ್ಣನದು ಬೂದು ಬಣ್ಣ. ಅವರದೂ ಬೂದು ಬಣ್ಣವೇ, ಕುತ್ತಿಗೆಗೆ ಮಾತ್ರ ಒಂದು ಹಸಿರು ಗೆರೆ, ನನಗೆ ಗುರುತಿಗೆ. ಎರಡನ್ನೂ ಒಂದೇ ಕಟ್ಟಿನಲ್ಲಿ ನೇಫಾಕ್ಕೆ ಕಳಿಸಿದೆ.

ಡಿಸೆಂಬರಿನಲ್ಲಿ ಅಣ್ಣ ಬಂದ ದಿನ ಮನೆ ತುಂಬ ಜನ. ಇಗರ್ಜಿಯ ಗಂಟೆ ನಿಮಗೆ ಕೇಳಿತೆಂದು ಬರೆದಿರಿ. ನನಗೆ ಕೇಳಲಿಲ್ಲ. ನಾನು ಒಳಗೆ ಅವನ ಚೀಲ ಬಿಚ್ಚುತ್ತಿದ್ದೆ. ಚೀಲದಲ್ಲಿ ಎರಡೂ ಸ್ವೆಟರ್ ಇದ್ದವು.

ನಾನು ಏನೂ ಕೇಳಲಿಲ್ಲ. ಮಡಿಲಲ್ಲಿ ಸತ್ತ, ಗುಂಡು ಬಿತ್ತು ಎಂದು ಅಣ್ಣ ಎಲ್ಲರಿಗೂ ಹೇಳಿದ. ಗುಂಡು ಬಿದ್ದವನ ಸ್ವೆಟರಿನಲ್ಲಿ ತೂತಿಲ್ಲ, ರಕ್ತವಿಲ್ಲ. ಅದು ಸುಳ್ಳೆಂದು ಗೊತ್ತಿದ್ದೇ ನಿಮಗೆ ಬರೆದೆ. ಅವನು ನನ್ನ ಅಣ್ಣ. ನಾನು ಇನ್ನೇನು ಮಾಡಲಿ?

ನಿಮ್ಮ ಕಾಗದ ಬಂದ ದಿನ ಮನೆಗೆ ಹೋಗಿ ಹಸಿರು ಗೆರೆಯ ಸ್ವೆಟರನ್ನು ಅವನ ಮುಂದೆ ಇಟ್ಟೆ. ಅಣ್ಣ ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯ ಬಾಗಿಲಲ್ಲಿ ಕೂತಿದ್ದ. "ಅವನೇ ಬಿಚ್ಚಿ ಕೊಟ್ಟದ್ದು" ಎಂದ. ನಾನು ಹಸಿರು ಗೆರೆಯನ್ನು ಅವನ ಕಡೆ ತಿರುಗಿಸಿದೆ. ಆಗ "ನಾನು ಕೇಳಿದೆ" ಎಂದ.

ಮತ್ತೆ ಎಲ್ಲ ಹೇಳಿದ. ಜತ್ತಪ್ಪನವರ ಪಾದ ಕಪ್ಪಾಗಿತ್ತು, ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಕೂರಿಸಿ, ಕೆಳಗೆ ಹೋಗಿ ಜನ ಕರಕೊಂಡು ವಾಪಸು ಬರುತ್ತೇನೆ ಎಂದು ಅಣ್ಣ ಮಾತು ಕೊಟ್ಟ. ನಡೆಯುವವನು ನಾನು, ಗಾಳಿ ಜೋರು ಉಂಟು, ನಿನ್ನ ಸ್ವೆಟರನ್ನೂ ಕೊಡು ಎಂದು ಕೇಳಿದ. ಅವರು ಬಿಚ್ಚಿ ಕೊಟ್ಟರು. ಕೆಳಗೆ ಹೋದರೆ ಅಲ್ಲಿ ಜನವೇ ಇರಲಿಲ್ಲ, ಎಲ್ಲರೂ ಓಡುತ್ತಿದ್ದರು. ಅಣ್ಣನೂ ಓಡಿದ. ವಾಪಸು ಹತ್ತಲಿಲ್ಲ.

ಅವರು ಸತ್ತ ತಾರೀಖು ಯಾರಿಗೂ ಗೊತ್ತಿಲ್ಲ, ಅಕ್ಕ. ನಿಮ್ಮ ಅವ್ವ ಹೇಳಿದ್ದೇ ಸರಿ.

ಮೇರಿಕುಟ್ಟಿ


ಮರ್ಕಂಜ
೨೪ ಜೂನ್ ೧೯೬೩

ಮೇರಿಕುಟ್ಟಿ,

ನಿನ್ನ ಅಣ್ಣ ನನ್ನ ತಮ್ಮನ ಮೈಯಿಂದ ಬಿಸಿ ತೆಗೆದುಕೊಂಡು ಹೋದ. ನೀನು ನನ್ನ ತಮ್ಮನ ರಜೆ ತೆಗೆದುಕೊಂಡೆ. ಅಣ್ಣ ತಂಗಿ ಇಬ್ಬರೂ ಸೇರಿ ಅವನನ್ನು ಹಂಚಿಕೊಂಡಿರಿ. ನನಗೆ ಬಿಟ್ಟದ್ದು ಬಟ್ಟಲು ಮುಚ್ಚಿಡುವ ಅವ್ವನನ್ನು.

ಆ ರಜೆಯಲ್ಲಿ ನಾನು ದಿನಾ ಸುಳ್ಯದ ಬಸ್ಸಿಗೆ ಕಾದೆ, ನಿನಗೆ ಗೊತ್ತುಂಟಾ? ಅವನಿಗೆ ಇಷ್ಟ ಅಂತ ಮಾಡಿದ ಪತ್ರೊಡೆ ಹಳಸಿತು, ಮತ್ತೆ ಮಾಡಿದೆ, ಮತ್ತೆ ಹಳಸಿತು. ಬಂದವನು ನನ್ನ ಮುಖ ನೋಡಿ ರೈಲು ತಪ್ಪಿತಕ್ಕಾ ಅಂದ. ನಾನು ನಂಬಿ ರೈಲಿಗೆ ಶಾಪ ಹಾಕಿದೆ. ಆ ಹೊತ್ತಿಗೆ ನೀನು ಅವನ ಪಾದ ಹಿಡಿದುಕೊಂಡು ಉಂಬಳ ಕೀಳುತ್ತಿದ್ದೆ. ಸಣ್ಣವನಿದ್ದಾಗ ಆ ಕೆಲಸ ನನ್ನದು. ಸುಣ್ಣ ಹಚ್ಚಿ ಬಿಡಿಸುತ್ತಿದ್ದೆ. ಅದೊಂದನ್ನಾದರೂ ನನಗೆ ಬಿಡಬಾರದಿತ್ತೇ?

ಅಕ್ಕ ಬೈದು ಬೈದು ಕೊನೆಗೆ ಒಪ್ಪುತ್ತಾಳೆ ಅಂತ ಅಂದನಂತೆ. ಒಪ್ಪುತ್ತಿರಲಿಲ್ಲ. ಬರೆದಿಡು. ಒಪ್ಪುತ್ತಿರಲಿಲ್ಲ.

ಇನ್ನು ಕಾಗದ ಬರೆಯಬೇಡ. ವರ್ಗೀಸನಿಗೆ ಹೇಳು, ಅವನು ನಡೆದುಕೊಂಡು ಹೋದ ಪ್ರತಿ ಹೆಜ್ಜೆಯನ್ನೂ ನನ್ನ ತಮ್ಮ ಆ ಬಂಡೆಯ ಮರೆಯಿಂದ ನೋಡಿದ್ದಾನೆ.

ಸೇವಂತಿ


ಕಡಬ
೧೫ ಜುಲೈ ೧೯೬೩

ಸೇವಂತಿ ಅಕ್ಕ,

ಬರೆಯಬೇಡ ಅಂದಿರಿ. ಬರೆಯುತ್ತಿದ್ದೇನೆ. ಹರಿದು ಹಾಕಿ, ಆದರೆ ಓದಿ ಹರಿಯಿರಿ.

ನಿಮ್ಮ ಕಾಗದವನ್ನು ಅಣ್ಣನಿಗೆ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ. ಬೇಕೆಂದೇ ಓದಿದೆ. ಅವನು ಕೇಳಿ, ಹೌದು, ನೋಡುತ್ತಿದ್ದ, ಒಂದು ಸಲ ನಾನು ತಿರುಗಿದಾಗ ಅವನು ಕೈ ಎತ್ತಿದ ಎಂದ. ಮರುದಿನ ಬೆಳಿಗ್ಗೆ ಕೋಲು ಹಿಡಿದು ಹೊರಟ. ಮರ್ಕಂಜಕ್ಕೆ ಹೋಗುತ್ತೇನೆ ಎಂದ. ಅಪ್ಪ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. ಗೌಡರು ಹೊಡೆದು ಹಾಕುತ್ತಾರೆ ಎಂದು ಅಪ್ಪ ಹೇಳಿದರು. ಹೊಡೆಯಲಿ ಎಂದು ಅಣ್ಣ ಹೇಳಿದ. ನೀವು ಬಾ ಎನ್ನದೆ ನಾನು ಅವನನ್ನು ಕಳಿಸುವುದಿಲ್ಲ. ಹೊಡೆತ ತಿಂದು ಹಗುರಾಗುವ ಸುಖ ಅವನಿಗೆ ಸಿಗುವುದು ನನಗೆ ಬೇಡ.

ನಾನು ಅವನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಅವನಿಗೆ ಗಂಜಿ ಬಡಿಸುವಾಗ ಕೆಲವು ದಿನ ನನ್ನ ಮನಸ್ಸಿನಲ್ಲಿ ಬರುವ ಮಾತನ್ನು ಪಾದ್ರಿಗಳಿಗೂ ಹೇಳಲಾರೆ. ಇವನ ಬದಲು ಅವರು ಬರಬಾರದಿತ್ತೇ ಎಂದು. ಒಡಹುಟ್ಟಿದವನ ಮುಖ ನೋಡಿ ಹೀಗೆ ಯೋಚಿಸುವವಳು ನಾನು. ನಿಮಗೆ ತಮ್ಮ ಹೋದ. ನನಗೆ ಅಣ್ಣ ಉಳಿದೂ ಹೋದ.

ನನ್ನ ಅಣ್ಣ ಬದುಕಿದ್ದಾನೆ ಎಂದು ನಿಮಗೆ ಹೊಟ್ಟೆಕಿಚ್ಚು. ನನಗೆ ನಿಮ್ಮ ಮೇಲೆ ಯಾಕೆ ಹೊಟ್ಟೆಕಿಚ್ಚು, ಹೇಳಲೇ? ನೀವು ಅಂಗಳದಲ್ಲಿ ಕೂತು ಎದೆ ಬಡಿದುಕೊಂಡು ಅಳಬಹುದು. ಊರು ಬಂದು ಪಕ್ಕದಲ್ಲಿ ಕೂರುತ್ತದೆ. ನಾನು ಹೊಗೆಮನೆಯೊಳಗೆ ಹೋಗಿ ಅಳುತ್ತೇನೆ. ಅಮ್ಮ ಕೇಳಿದರೆ ಹೊಗೆಗೆ ಕಣ್ಣು ಉರಿಯುತ್ತದೆ ಎನ್ನುತ್ತೇನೆ. ಜತ್ತಪ್ಪನವರಿಗೆ ನಾನು ಯಾರೆಂದು ಹೇಳಲು ನನ್ನ ಹತ್ತಿರ ಒಂದು ಮಾತೂ ಇಲ್ಲ. ನೀಲಾವತಿಗೆ ಆಟಿಯಲ್ಲಿ ಆ ಮಾತು ಸಿಗುತ್ತದೆ. ಹೆಂಡತಿ.

ಮದುವೆ ನಿಲ್ಲಿಸಿ ಎಂದು ಇನ್ನು ಕೇಳುವುದಿಲ್ಲ. ಬಳೆ ಇಡುವಾಗ ಒಮ್ಮೆ ನನ್ನ ಹೆಸರು ನೆನೆಯಿರಿ. ಗಟ್ಟಿಯಾಗಿ ಬೇಡ.

ಮೇರಿಕುಟ್ಟಿ


ಮರ್ಕಂಜ
೪ ಆಗಸ್ಟ್ ೧೯೬೩

ಮೇರಿಕುಟ್ಟಿ,

ಗಟ್ಟಿಯಾಗಿಯೇ ಹೇಳಿದೆ.

ಸವಣೂರಿನವರು ನಿನ್ನೆ ಬಂದರು. ಚಾವಡಿಯಲ್ಲಿ ಎರಡು ಮಣೆ. ನೀಲಾವತಿಯ ಅಮ್ಮ ಮಗಳ ಸೀರೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಂದು ಮಣೆಯ ಮೇಲೆ ಇಟ್ಟರು. ಇನ್ನು ನನ್ನ ಕೆಲಸ. ಬಳೆಯ ತಟ್ಟೆ ಹಿಡಿದುಕೊಂಡು ಕೂತೆ. ಕೈ ಮುಂದೆ ಹೋಗಲಿಲ್ಲ. ನಿನ್ನ ಮೇಲಿನ ಕರುಣೆಯಿಂದ ಅಂತ ಉಬ್ಬಬೇಡ. ಅವನು ನನ್ನ ಹತ್ತಿರ ಮೊದಲು ಹೇಳಬೇಕು ಅಂತ ಇಟ್ಟುಕೊಂಡಿದ್ದ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು.

"ಎಂತ ನೋಡ್ತಾ ಕೂತದ್ದು? ಬಳೆ ಇಡು" ಅಂತ ಚಿಕ್ಕಪ್ಪ ಗದರಿದರು.

"ಯುದ್ಧದ ನಿಧಿಗೆ ನನ್ನ ಬಳೆ ಇಟ್ಟ ಅಭ್ಯಾಸ ನಿಮಗಲ್ವಾ ಚಿಕ್ಕಪ್ಪ, ನೀವೇ ಇಡಿ" ಅಂದೆ. ಮೂಲೆಯಲ್ಲಿ ಯಾರೋ ನಕ್ಕರು. ಆಮೇಲೆ ಹೇಳಿ ಮುಗಿಸಿದೆ. "ಇವನಿಗೆ ಹೆಣ್ಣು ಉಂಟು. ಜೀವ ಇರುವ ಹೆಣ್ಣು. ಕಡಬದ ಮೇರಿಕುಟ್ಟಿ."

ಚಾವಡಿ ಹೊತ್ತಿಕೊಂಡಿತು. ಕಿರಿಸ್ತಾನರ ಹುಡುಗಿಯ ಹೆಸರನ್ನು ಧಾರೆಯ ಹೊತ್ತಿಗೆ ಎತ್ತಿದಳು, ಮನೆತನದ ಮರ್ಯಾದೆ ಕಳೆದಳು ಅಂತ ಚಿಕ್ಕಪ್ಪ ಕೈ ಎತ್ತಿಕೊಂಡು ಬಂದರು. ಅವರನ್ನು ತಡೆದದ್ದು ನಮ್ಮ ಕಡೆಯವರಲ್ಲ. ನೀಲಾವತಿಯ ಅಮ್ಮ ಎದ್ದು ನಡುವೆ ನಿಂತರು. ಸೀರೆಯನ್ನು ವಾಪಸು ಎದೆಗೆ ತೆಗೆದುಕೊಂಡು, "ಬದುಕಿದ್ದವಳು ಅಳುವ ಜಾಗಕ್ಕೆ ನನ್ನ ಮಗುವನ್ನು ಕೊಡುದಿಲ್ಲ ಮಾರಾಯ್ರೆ" ಅಂದರು. ಸಿಟ್ಟಿರಲಿಲ್ಲ. ಹೋಗುವಾಗ ನನ್ನ ತಲೆ ಸವರಿದರು. ಯಾರ ಮೇಲೆ ನೀನೂ ನಾನೂ ಹಲ್ಲು ಕಡಿದೆವೋ, ಅವಳ ಅಮ್ಮ ಅವರು.

ಜನ ಹೋದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಬಂಡೆ, ಮಾತು ಕೊಟ್ಟದ್ದು, ಎರಡು ಸ್ವೆಟರ್, ಎಲ್ಲ. ವರ್ಗೀಸನಿಗೆ ಶಾಪ ಹಾಕುತ್ತಾಳೆ ಅಂತ ಕಾದೆ. ಅವ್ವ ಕೇಳಿ ತುಂಬಾ ಹೊತ್ತು ಬಟ್ಟಲು ಉಜ್ಜಿದಳು. "ಹಂಗಾರೆ ಒಬ್ಬಂಗಾದರೂ ಚಳಿ ಆತಿಲ್ಲೆ" ಅಂದಳು.

ನನಗೆ ಅವಳ ಮೇಲೂ ಸಿಟ್ಟು ಬಂತು. ಹೆತ್ತವಳು ಇಷ್ಟು ಬೇಗ ಬಿಟ್ಟುಕೊಟ್ಟರೆ ನಾನು ಈ ಸಿಟ್ಟನ್ನು ಎಲ್ಲಿ ಇಡಲಿ? ಆದರೆ ಅವಳು ಇನ್ನೊಂದು ಮಾತು ಹೇಳಿದಳು. ಅಂವ ಮನೆಗೇ ಬಂದಿಲ್ಲೆ, ಯಾರಿಗೆ ಮದುವೆ ಮಾಡಿಕೆ ಹೊರಟದ್ದು ಅಂತ.

ಅದು ಸರಿ. ಚಿಕ್ಕಪ್ಪ ಕರೆದರೆ ಅವನು ಯಾಕೆ ಬರುತ್ತಾನೆ? ಅವನು ಕಾಯುತ್ತಾ ಕೂತಿರುವುದು ಬೇರೆಯವನಿಗೆ. ವಾಪಸು ಬರುತ್ತೇನೆ ಅಂತ ಹೇಳಿ ಹೋದವನಿಗೆ. ಆ ಬಂಡೆಯ ಮರೆಯಿಂದ ಅವನು ಏಳುವುದಾದರೆ ಆ ದನಿ ಕೇಳಿಯೇ ಏಳಬೇಕು.

ಆಟಿ ಮುಗಿಯುವ ಮೊದಲು ವರ್ಗೀಸನನ್ನು ಕಳಿಸು. ಕ್ರಮ ಗೊತ್ತಿಲ್ಲ ಅನ್ನುವುದು ಬೇಡ, ನಾನು ಹೇಳಿಕೊಡುತ್ತೇನೆ. ಚಿಕ್ಕಪ್ಪ ಮನೆ ಬಿಟ್ಟು ಹೋಗುತ್ತೇನೆ ಅಂದಿದ್ದಾರೆ, ಹೋಗಲಿ. ಪಾದ್ರಿಗಳು ಬೈದರೆ ಬೈಯಲಿ. ಬಿಟ್ಟು ಬಂದವನೇ ಕರೆಯಲಿ.

ನೀನು ಈಗ ಬರಬೇಡ. ನಿನ್ನನ್ನೂ ಅವನನ್ನೂ ಒಂದೇ ದಿನ ನೋಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಸೇವಂತಿ


ಕಡಬ
೭ ಆಗಸ್ಟ್ ೧೯೬೩

ಅಕ್ಕ,

ಅಣ್ಣ ಶನಿವಾರ ಬೆಳಗ್ಗಿನ ಬಸ್ಸಿಗೆ ಹೊರಡುತ್ತಾನೆ. ಪುತ್ತೂರಿನಲ್ಲಿ ಬಸ್ಸು ಬದಲಿಸಲು ಸಹಾಯಕ್ಕೆ ಒಬ್ಬರು ಇದ್ದಾರೆ. ಅಪ್ಪ ಮಾತು ಬಿಟ್ಟಿದ್ದಾರೆ. ಹಸಿರು ಗೆರೆಯ ಸ್ವೆಟರ್ ಅವನ ಚೀಲದಲ್ಲಿದೆ. ಒಳಗೆ ಬಡಿಸುವ ಎಲೆಯ ಹತ್ತಿರ ಇಡಿ. ಅಷ್ಟು ದೂರದಿಂದ ಬರುವವರಿಗೆ ಚಳಿಯಾಗುತ್ತದೆ.

ಕೆಲಸ ಆದ ಮೇಲೆ ಅದನ್ನು ನನಗೆ ವಾಪಸು ಕಳಿಸುತ್ತೀರಾ?

ಮೇರಿಕುಟ್ಟಿ


ಮರ್ಕಂಜ
೧೨ ಆಗಸ್ಟ್ ೧೯೬೩

ಮೇರಿಕುಟ್ಟಿ,

ವರ್ಗೀಸ್ ಬಂದ. ಸುಳ್ಯದಿಂದ ಎತ್ತಿನ ಗಾಡಿಯಲ್ಲಿ ಕರಕೊಂಡು ಬಂದೆ. ಗಾಡಿಯಲ್ಲಿ ಅವನ ಎದುರೇ ಕೂತಿದ್ದೆ. ಅವನ ಕತ್ತು ಹಿಚುಕಬೇಕು ಅಂತ ಎಷ್ಟು ಸಲ ಯೋಚಿಸಿದ್ದೆನೋ, ಆ ಕತ್ತು ಹತ್ತಿರದಿಂದ ನೋಡಿದರೆ ಕೋಳಿಯ ಕತ್ತಿನ ಹಾಗೆ ಸಪೂರ ಉಂಟು. ನೀನು ಅವನಿಗೆ ಸರಿಯಾಗಿ ಬಡಿಸುತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನನ್ನು ಅಂಗಳದಲ್ಲಿ ನಿಲ್ಲಿಸಿದೆವು. ಕೋಲು ಬೇಡ ಅಂದ. ಬಾಗಿಲು ತೆರೆದು ಅವ್ವ ಒಂದು ಬದಿಗೆ, ನಾನು ಒಂದು ಬದಿಗೆ. ಮೊದಲ ಸಲ ಕರೆದದ್ದು ಹೊಸ್ತಿಲಿನವರೆಗೂ ಕೇಳಲಿಲ್ಲ. ಎರಡನೆಯ ಸಲ ಹೆಸರು ಅರ್ಧಕ್ಕೆ ಮುರಿಯಿತು. ಮೂರನೆಯ ಸಲ ನಾನು ಹೇಳಿಕೊಟ್ಟ ಕ್ರಮವನ್ನೆಲ್ಲ ಬಿಟ್ಟು, ಹಾಸ್ಟೆಲಿನಲ್ಲಿ ಕರೆಯುತ್ತಿದ್ದ ಹಾಗೆ ಕರೆದ.

"ಜತ್ತಪ್ಪಾ, ಏಳು ಮಾರಾಯ. ನಾನು ವಾಪಸು ಬಂದೆ. ಮನೆಗೆ ಹೋಗುವ."

ಕರೆದವನು ಅಲ್ಲೇ ಕುಸಿದ. ಅವ್ವ ಹೊಸ್ತಿಲು ದಾಟಿ ಹೋಗಿ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಹಾಗೆಯೇ ನಡೆಸಿಕೊಂಡು ಒಳಗೆ ಬಂದಳು. ಎಲೆಗೆ ಬಡಿಸಿದೆವು, ಪಕ್ಕದಲ್ಲಿ ಸ್ವೆಟರ್ ಇಟ್ಟೆವು, ಬಾಗಿಲು ಎಳೆದುಕೊಂಡೆವು. ಅವ್ವ ನನ್ನ ಕಡೆ ನೋಡಿ "ಬಾತ್" ಅಂದಳು. ಬಂತು, ನಮ್ಮ ಹುಡುಗ ಬಂತು ಅಂತ. ನಿನ್ನೆ ಸಂಜೆ ಬಟ್ಟಲು ಮುಚ್ಚಿಡಲಿಲ್ಲ. ತೊಳೆದು ಕವುಚಿ ಹಾಕಿದಳು.

ನಿನ್ನ ಅಣ್ಣನನ್ನು ಕ್ಷಮಿಸಿದೆ ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ಅನ್ನ ಬಡಿಸಿದೆ. ಎರಡನೆಯ ಸಲವೂ ಬಡಿಸಿದೆ. ಬೇಕಿದ್ದರೆ ಅದನ್ನೇ ಏನಾದರೂ ಅಂತ ಕರೆದುಕೋ. ಅವನು ಇನ್ನೂ ನಾಲ್ಕು ದಿನ ಇಲ್ಲೇ ಇರಲಿ ಅಂತ ಅವ್ವ ಹಟ ಹಿಡಿದಿದ್ದಾಳೆ.

ಸ್ವೆಟರ್ ಕೊಡುವುದಿಲ್ಲ. ಅದು ನನಗಿರಲಿ. ನಿನಗೆ ಆ ರಜೆಯ ದಿನಗಳು ಇವೆಯಲ್ಲ, ಅವನ್ನು ನಾನು ಕಿತ್ತುಕೊಳ್ಳಲು ಆಗುವುದಿಲ್ಲ. ಲೆಕ್ಕ ಸರಿಹೋಯಿತು ಅಂತ ಅಲ್ಲ. ಹೊಟ್ಟೆಕಿಚ್ಚು ಇಬ್ಬರಿಗೂ ಸ್ವಲ್ಪ ಸ್ವಲ್ಪ ಉಳಿಯಲಿ. ಮುಂದಿನ ಆಟಿಗೆ ಅವನಿಗೆ ಬಡಿಸುವ ದಿನ ನೀನು ಬಾ. ಪತ್ರೊಡೆ ಮಾಡುತ್ತೇನೆ. ಯಾರು ನೀನು ಅಂತ ಯಾರಾದರೂ ಕೇಳಿದರೆ ಉತ್ತರ ನಾನು ಕೊಡುತ್ತೇನೆ. ಬೈದು ಬೈದು ಕೊಡುತ್ತೇನೆ.

ಮತ್ತೊಂದು ಮಾತು. ನೀನು ಅಲ್ಲಿ ಹೊಗೆಮನೆಯಲ್ಲಿ ಕೂತು ಅವನಿಗಾಗಿ ಕಾಯುತ್ತಿದ್ದೆಯೇನೋ. ಹೇಳಿಬಿಡುತ್ತೇನೆ, ತಿಳಿದಿರಲಿ. ಈ ಸಲದ ರಜೆಗೆ ಅವನು ಮೊದಲು ಮರ್ಕಂಜಕ್ಕೇ ಬಂದ.

ಸೇವಂತಿ ಅಕ್ಕ